ಸಂಘದ ಲ್ಯಾಪ್‌ಟಾಪಿನ ನೊರೆ

ಘಟನೆಗಳು ನಡೆದ ಅನುಕ್ರಮವನ್ನು ಮೊದಲೇ ತಿಳಿಸಿಬಿಡುತ್ತೇನೆ. ಹೊನ್ನೂರಿನಲ್ಲಿ ಈಗ ಅದನ್ನು ಹಿಂದುಮುಂದು ಮಾಡಿ ಹೇಳುವವರೇ ಹೆಚ್ಚು. ಸೋಮವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಹೊಸ ಲ್ಯಾಪ್‌ಟಾಪ್ ಬಂದಿತು. ಒಂಬತ್ತು ಐವತ್ತೈದಕ್ಕೆ ಅದರ ಪೆಟ್ಟಿಗೆಯನ್ನು ತೆರೆಯಲಾಯಿತು. ಹತ್ತು ಇಪ್ಪತ್ತಕ್ಕೆ ನಾನು ಬಾಯಿ ತೆರೆದೆ. ಗುರುವಾರ ಯಳಂದೂರು, ಕೊಳ್ಳೇಗಾಲ, ಹನೂರುಗಳ ಪ್ರಯಾಣ ನಡೆಯಿತು. ಭಾನುವಾರ ಹನ್ನೊಂದು ಗಂಟೆಗೆ ಸರ್ವಸದಸ್ಯರ ಸಭೆ ಸೇರಿತು. ಈ ಐದರಲ್ಲಿ ಮೂರನೆಯದು ನಡೆಯದೇ ಹೋಗಿದ್ದರೆ ನಾಲ್ಕನೆಯದು ನಡೆಯುತ್ತಲೇ ಇರಲಿಲ್ಲ. ಐದನೆಯದು ಅರ್ಧ ಗಂಟೆಯಲ್ಲಿ ಮುಗಿದು ಎಲ್ಲರೂ ಉಪ್ಪಿಟ್ಟು ತಿಂದು ಮನೆಗೆ ಹೋಗುತ್ತಿದ್ದರು.

ನಾನು ಮುಳ್ಳೂರಿನವನು, ಹೆಸರು ಶಾಂತಮೂರ್ತಿ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಹೊನ್ನೂರಿನ ಸಂಘದಲ್ಲಿ ಹಾಲು ಪರೀಕ್ಷಕನಾಗಿ ತಾತ್ಕಾಲಿಕವಾಗಿ ಸೇರಿದ್ದೆ. ತಾತ್ಕಾಲಿಕವೆಂದರೆ ಮೂರು ತಿಂಗಳು, ಮತ್ತು ಆ ಮೂರು ತಿಂಗಳು ಅದೇ ಭಾನುವಾರಕ್ಕೆ ಮುಗಿಯುತ್ತಿತ್ತು. ನನ್ನನ್ನು ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂಬುದು ಸಭೆಯ ನಾಲ್ಕನೇ ವಿಷಯವಾಗಿತ್ತು. ಮುಳ್ಳೂರಿನಲ್ಲಿ ನಮ್ಮ ತಂದೆಯವರು ಮಗನ ಕೆಲಸ ಆಗಲೇ ಖಾಯಂ ಆಗಿದೆಯೆಂದು ಎರಡು ಮನೆಯವರಿಗೆ ಹೇಳಿಬಿಟ್ಟಿದ್ದರು. ಆ ಎರಡೂ ಮನೆಗಳಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು. ಆದ್ದರಿಂದ ನಾಲ್ಕನೇ ವಿಷಯ ನನಗೆ ಎಷ್ಟು ಮುಖ್ಯವೆಂದು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ಪೆಟ್ಟಿಗೆಯ ಮೇಲೆ 256 ಜಿ.ಬಿ. ಎಂದು ಅಚ್ಚಾಗಿತ್ತು. ಕಾರ್ಯದರ್ಶಿ ಸದಾಶಿವಪ್ಪನವರು ಅದನ್ನು ನೋಡಿಕೊಂಡು ಸಂಘದ ಮೇಜು ಕುರ್ಚಿಗಳನ್ನೆಲ್ಲ ಬರೆದಿಡುವ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ 'ಲ್ಯಾಪ್‌ಟಾಪ್, ಒಂದು, 256 ಜಿ.ಬಿ.' ಎಂದು ಏರಿಸಿದರು. ಅದರ ಮೇಲಿನ ಸಾಲು 'ಕ್ಯಾನು, ಒಂದು, 40 ಲೀಟರ್' ಎಂದಿತ್ತು. ನಾನು ಯಂತ್ರವನ್ನು ಚಾಲೂ ಮಾಡಿ ನೋಡಿದಾಗ ಒಟ್ಟು ಜಾಗ 238 ಎಂದೂ ಖಾಲಿ ಇರುವುದು 192 ಎಂದೂ ಕಾಣಿಸಿತು.

ಇಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಅಧ್ಯಕ್ಷರಾದ ಪುಟ್ಟಬಸಪ್ಪನವರು ಎದುರಿಗೇ ಕುಳಿತಿದ್ದರು, ಭಾನುವಾರಕ್ಕೆ ಆರೇ ದಿನ ಉಳಿದಿತ್ತು. ನನ್ನ ತಿಳಿವಳಿಕೆಯನ್ನು ಅಲ್ಪ ಪ್ರಮಾಣದಲ್ಲಿ ಪ್ರದರ್ಶಿಸುವುದು ಅನುಚಿತವಲ್ಲವೆಂದು ತೋರಿತು.

"ಅಧ್ಯಕ್ಷರೇ, ಕಂಪನಿಯವರು ಇದರಲ್ಲಿ ಬೇಡದ ಸರಕನ್ನೆಲ್ಲ ತುಂಬಿ ಕಳಿಸಿದ್ದಾರೆ," ಎಂದೆ. "ಇಸ್ಪೀಟಿನ ಆಟ, ಹವಾಮಾನ, ಜಾಹೀರಾತು. ಇಪ್ಪತ್ತೆರಡು ಜಿ.ಬಿ. ವ್ಯರ್ಥವಾಗಿದೆ. ಇದರ ಆಪರೇಟಿಂಗ್ ಸಿಸ್ಟಮನ್ನು ಪೂರ್ತಿ ಅಳಿಸಿ, ಶುದ್ಧವಾದದ್ದನ್ನು ಮತ್ತೆ ಹಾಕಿದರೆ ಅಷ್ಟು ಜಾಗ ನಮಗೆ ಉಳಿಯುತ್ತದೆ."

ಹಾಲಿನ ಸಂಘದೊಳಗೆ 'ಶುದ್ಧ' ಎಂಬ ಮಾತನ್ನು ಬಹಳ ಎಚ್ಚರಿಕೆಯಿಂದ ಆಡಬೇಕು. ಪುಟ್ಟಬಸಪ್ಪನವರು ಹೆಗಲ ಮೇಲಿನ ಟವೆಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರು ವಿಚಾರಣೆ ಆರಂಭಿಸುವ ಮುನ್ನ ಹೀಗೆ ಮಾಡುತ್ತಾರೆ.

"ಅಂದ್ರೆ ಬೆರಕೆ ಮಾಲಾ ಇದು?"

"ಬೆರಕೆ ಎನ್ನಲಾಗದು, ಆದರೆ..."

"ಮೊದ್ಲು ಇನ್ನೂರೈವತ್ತಾರು ಎಂಗೆ ಇನ್ನೂರ ಮೂವತ್ತೆಂಟಾಯ್ತು ಅದ್ನ ಯೋಳು. ಅದ್ನೆಂಟು ಎಲ್ಲೋಯ್ತು?"

ತಯಾರಿಸುವವರು ಸಾವಿರಕ್ಕೆ ಒಂದು ಎಂದು ಎಣಿಸುತ್ತಾರೆ. ಗಣಕಯಂತ್ರವು ಸಾವಿರದ ಇಪ್ಪತ್ತನಾಲ್ಕು ತುಂಬಿದ ಮೇಲೆಯೇ ಒಂದು ಎನ್ನುತ್ತದೆ. ಜಾಗ ಅಷ್ಟೇ ಇದೆ, ಅಳತೆಗೋಲು ಬೇರೆ ಎಂದು ನಾನು ವಿವರಿಸಿದೆ. ವಿವರಣೆ ಶಾಸ್ತ್ರೀಯವಾಗಿ ನಿರ್ದುಷ್ಟವಾಗಿತ್ತು.

"ಮಾರೋನ ಅಳತೆ ಒಂದು, ತಕ್ಕಳೋನ ಅಳತೆ ಒಂದು," ಎಂದರು ಪುಟ್ಟಬಸಪ್ಪನವರು ನಿಧಾನವಾಗಿ. "ನಮ್ಮಪ್ಪನ ಕಾಲದಲ್ಲಿ ಆಲಿನ ಯಾಪಾರಿ ಒಬ್ಬ ಇಂಗೇ ಎರಡು ಪಾವು ಮಡಗಿದ್ದ ಕಣ್ಲಾ. ಸಿಕ್ಕಾಕ್ಕಂಡಾಗ ಊರೋರು ಅವನ್ಗೆ ಎರಡು ಅಳತೇಲೂ ಕೊಟ್ರು."

ಅಷ್ಟರಲ್ಲಿ ಶಿವರತ್ನಮ್ಮನವರು ತೊಳೆದ ಕ್ಯಾನು ತೆಗೆದುಕೊಂಡು ಹೋಗಲು ಬಂದರು. ಮೂರು ಸೀಮೆ ಹಸುಗಳ ಒಡತಿ, ಸಂಘಕ್ಕೆ ಅತಿ ಹೆಚ್ಚು ಹಾಲು ಹಾಕುವವರು. ಆ ಕಾರಣದಿಂದ ಅತಿ ಹೆಚ್ಚು ಮಾತಾಡುವ ಹಕ್ಕೂ ಅವರದೇ. ಎರಡೂ ಕಡೆಯ ವಾದವನ್ನು ನಿಂತೇ ಕೇಳಿದರು.

"ಯಾಕ್ರಪ್ಪ ಇಂಗೆ ಬಡ್ದಾಡ್ತೀರಿ. ನೊರೆ ಕನ ಅದು," ಎಂದರು. "ಕರೆದೇಟ್ಗೆ ಅಳುದ್ರೆ ನೊರೇನೂ ಸೇರ್ಕಂಡು ಪಾತ್ರೆ ತುಂಬ್ದಂಗೆ ಕಾಣ್ತದೆ. ಇದೂ ಈಗ ತಾನೇ ಕಾರ್ಖಾನೆಯಿಂದ ಬಂದದೆ. ಸಂಜೆಗಂಟ ಅಲ್ಲಾಡಿಸ್ದೆ ಮಡಗು ಮಗ. ನೊರೆ ಇಳುದ್ಮೇಲೆ ನಿಜ ಎಷ್ಟು ಅಂತ ಗೊತ್ತಾಯ್ತದೆ."

ನೊರೆ ಇಳಿಯುವ ಮುನ್ನ ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರ್ ಅದ್ದಬಾರದೆಂಬುದು ನಮ್ಮ ಸಂಘದ ಗೋಡೆಯ ಮೇಲೆ ಬರೆದಿರುವ ನಿಯಮ, ಬರೆದವನು ನಾನೇ. ಅಧ್ಯಕ್ಷರ ಅಪ್ಪಣೆಯಂತೆ ಲ್ಯಾಪ್‌ಟಾಪನ್ನು ತೆರೆದ ಸ್ಥಿತಿಯಲ್ಲೇ, ಇಂಟರ್ನೆಟ್ ಸಂಪರ್ಕದ ಸಮೇತ, ಲ್ಯಾಕ್ಟೋಮೀಟರಿನ ಪಕ್ಕದ ಹಲಗೆಯ ಮೇಲಿಟ್ಟು ಅದರತ್ತ ಯಾರೂ ಜೋರಾಗಿ ಹೆಜ್ಜೆ ಹಾಕದಂತೆ ನೋಡಿಕೊಳ್ಳಲಾಯಿತು.

ಸಂಜೆ ಆರು ಐವತ್ತಕ್ಕೆ ನೋಡಿದಾಗ ಖಾಲಿ ಜಾಗ 189 ಇತ್ತು. ಬೆಳಿಗ್ಗೆಗಿಂತ ಮೂರು ಕಡಿಮೆ.

"ಇಳೀತಾ?" ಎಂದರು ಶಿವರತ್ನಮ್ಮನವರು.

ಯಂತ್ರವು ತಾನಾಗಿಯೇ ಹೊಸ ಅಪ್‌ಡೇಟುಗಳನ್ನು ಇಳಿಸಿಕೊಂಡಿದೆ ಎಂದು ನಾನು ಹೇಳಿ ನೋಡಿದೆ. ಆದರೆ ವಿಜ್ಞಾನದಲ್ಲಿ, ಮುಂಚಿತವಾಗಿ ನುಡಿದದ್ದು ಯಾರದು ನಿಜವಾಯಿತೋ ಅವರದೇ ಗೆಲುವು. ನಾನು ಏನನ್ನೂ ಮುಂಚಿತವಾಗಿ ನುಡಿದಿರಲಿಲ್ಲ.

ಆದರೂ ಮರುಸ್ಥಾಪನೆಯ ಯೋಚನೆಯನ್ನು ನಾನು ಬಿಡಲಿಲ್ಲ. ಅದಕ್ಕೆ ಬೇಕಾದ ಐದೂವರೆ ಜಿ.ಬಿ. ಗಾತ್ರದ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಲು ಹಚ್ಚಿ, ಬಾಗಿಲು ಹಾಕಿಕೊಂಡು ಹೋದೆ. ಮಂಗಳವಾರ ಬೆಳಿಗ್ಗೆ ಪೆನ್‌ಡ್ರೈವ್ ತೆರೆದು ನೋಡಿದರೆ ಅದರಲ್ಲಿ ಏನೂ ಇರಲಿಲ್ಲ. 'ಪ್ರಯತ್ನ ಒಂದು: ವಿಫಲ' ಎಂದು ನನ್ನ ಪ್ರಯತ್ನಗಳ ನೀಲಿ ಪುಸ್ತಕದಲ್ಲಿ ಬರೆದೆ. ಅದೇ ಬೆಳಿಗ್ಗೆ ಖಾಲಿ ಜಾಗ 183ಕ್ಕೆ ಇಳಿದಿತ್ತು. ಇದನ್ನು ಅಳತೆಗಳ ಕೆಂಪು ಪುಸ್ತಕದಲ್ಲಿ ಬರೆದೆ. ಮಂಗಳವಾರ ಸಂಜೆ ಮತ್ತೆ ಇಳಿಸಲು ಹಚ್ಚಿದೆ. ಬುಧವಾರ ಬೆಳಿಗ್ಗೆ ಪೆನ್‌ಡ್ರೈವ್ ಮತ್ತೆ ಖಾಲಿ, ಜಾಗ 178. 'ಪ್ರಯತ್ನ ಎರಡು: ವಿಫಲ' ಎಂಬುದು ನೀಲಿ ಪುಸ್ತಕಕ್ಕೂ 178 ಎಂಬುದು ಕೆಂಪು ಪುಸ್ತಕಕ್ಕೂ ಹೋದವು. ಬೇರೆ ಬೇರೆ ಸಂಗತಿಗಳನ್ನು ಒಂದೇ ಪುಸ್ತಕದಲ್ಲಿ ಬೆರೆಸಬಾರದೆಂದು ನಮಗೆ ಪ್ರಯೋಗಾಲಯದಲ್ಲಿ ಕಲಿಸಿದ್ದರು.

ಪಾರದರ್ಶಕತೆಗಾಗಿ, ಪ್ರತಿ ಹೊತ್ತಿನ ಹಾಲಿನ ಫ್ಯಾಟ್ ಬರೆಯುವ ಕಪ್ಪು ಹಲಗೆಯ ಬಲಬದಿಯಲ್ಲಿ ಲ್ಯಾಪ್‌ಟಾಪಿನ ಖಾಲಿ ಜಾಗವನ್ನೂ ಬರೆಯತೊಡಗಿದೆ. ದಿನ, ಹೊತ್ತು, ಜಾಗ, ಕಾರಣ ಎಂದು ನಾಲ್ಕು ಅಂಕಣ. ಕಾರಣದ ಅಂಕಣ ಸದ್ಯಕ್ಕೆ ಖಾಲಿಯಿತ್ತು. ಬುಧವಾರ ಸಂಜೆ 176 ಆದಾಗ, ಎರಡೂವರೆ ದಿನದಲ್ಲಿ ಹದಿನಾರು ಇಳಿದಿದೆ, ಇದೇ ವೇಗದಲ್ಲಿ ಹೋದರೆ ಯಂತ್ರವು ಪೂರ್ತಿ ಭರ್ತಿಯಾಗಲು ಇನ್ನು ಇಪ್ಪತ್ತೇಳು ದಿನ ಹನ್ನೆರಡು ಗಂಟೆ ಎಂದು ಕೆಳಗೆ ಬರೆದೆ. ಲೆಕ್ಕ ಸರಿಯಾಗಿತ್ತು. ಬರೆದದ್ದು ಸರಿಯೇ ಎಂಬುದು ಬೇರೆ ಪ್ರಶ್ನೆ.

ಹಾಲು ಹಾಕಲು ಬಂದವರು ಹಲಗೆಯ ಮುಂದೆ ಎರಡು ಪಕ್ಷವಾದರು. ಇಳಿಯುತ್ತಿರುವುದು ನೊರೆ, ತಾನಾಗಿ ನಿಲ್ಲುತ್ತದೆ ಎಂಬುದು ಶಿವರತ್ನಮ್ಮನವರ ಪಕ್ಷ. ನೊರೆಯಾದರೆ ಮೂರು ದಿನ ಇಳಿಯುವುದುಂಟೇ, ಇದು ಸೋರಿಕೆ ಎಂಬುದು ಅಧ್ಯಕ್ಷರ ಪಕ್ಷ. ಕಪ್ಪು ಎಮ್ಮೆಯ ಚಿಕ್ಕಸಿದ್ದಯ್ಯನವರು ಯಾವ ಪಕ್ಷಕ್ಕೂ ಸೇರದೆ ನೇರವಾಗಿ ಒಳಗೆ ಬಂದು, ತಮ್ಮ ಟವೆಲನ್ನು ಲ್ಯಾಪ್‌ಟಾಪಿನ ಕೀಲಿಮಣೆಯ ಮೇಲೆ ಹಾಸಿದರು.

"ಇದೇನು ಚಿಕ್ಕಸಿದ್ದಯ್ಯನವರೇ?"

"ಜಾಗ ತುಂಬ್ತಾ ಅದೆ ಅಂತ ನೀನೇ ಬರ್ದಿದ್ದೀಯಲ್ಲಪ್ಪ. ನಮ್ಮ ಎಮ್ಮೆ ಬಾಬ್ತು ಒಂದು ಸೀಟು ಇರ್ಲಿ."

"ಇದು ಬಸ್ಸಲ್ಲ. ಟವೆಲ್ ಹಾಕಿದರೆ ಜಾಗ ಸಿಗುವುದಿಲ್ಲ."

"ಕೊಳ್ಳೇಗಾಲದ ಬಸ್ನಲ್ಲೂ ಕಂಡಟ್ರು ಇಂಗೇ ಅಂತಾನೆ. ನಾನು ಒಂದಿನಾನೂ ನಿಂತ್ಕಂಡು ಓಗಿಲ್ಲ."

ಆ ಸಂಜೆ ಹಾಲು ಮುಗಿಯುವ ಹೊತ್ತಿಗೆ ಲ್ಯಾಪ್‌ಟಾಪಿನ ಮೇಲೆ ಐದು ಟವೆಲುಗಳೂ ಒಂದು ಕೊಡೆಯೂ ಇದ್ದವು.

ಕಾರ್ಯದರ್ಶಿ ಸದಾಶಿವಪ್ಪನವರ ನಿಲುವು ಮಾತ್ರ ಮೂರು ದಿನದಲ್ಲಿ ಪೂರ್ತಿ ಬದಲಾಗಿತ್ತು. ಇಪ್ಪತ್ತಾರು ವರ್ಷ ಕೈಬರಹದ ಪುಸ್ತಕಗಳನ್ನೇ ನಂಬಿದ ಅವರು ಸೋಮವಾರ ಆ ಯಂತ್ರವನ್ನು ಮುಟ್ಟಲೂ ಒಪ್ಪಿರಲಿಲ್ಲ. ಮಂಗಳವಾರ ಅದರೊಳಗಿನ ಇಸ್ಪೀಟಿನ ಆಟ ಅವರ ಕಣ್ಣಿಗೆ ಬಿದ್ದಿತು. ಬುಧವಾರ ಅವರು ಟವೆಲುಗಳನ್ನು ಮೆಲ್ಲಗೆ ಸರಿಸಿ ಆಡುತ್ತಾ, "ಕಂಪನಿಯವರು ಯೋಚ್ನೆ ಮಾಡೇ ಹಾಕಿರ್ತಾರೆ, ಅಳಿಸೋದೆಲ್ಲ ಬ್ಯಾಡ," ಎಂದು ತಿರುಗಿ ನೋಡದೆಯೇ ಹೇಳಿದರು.

ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡ್ಲಾ ಶಾಂತಮೂರ್ತಿ. ಸೋರೋದು ನಿಲ್ಸು. ನಿಂತ್ರೆ ಭಾನುವಾರ ನಾನೇ ಎದ್ದು ನಿನ್ನ ಎಸ್ರು ಯೋಳ್ತೀನಿ. ನಿಲ್ನಿಲ್ಲ ಅಂದ್ರೆ, ಮುಳ್ಳೂರ ಕಡೆ ಓಗೋ ಬಸ್ಸು ಬೆಳಿಗ್ಗೆ ಆರೂವರೆಗೆ."

ಗುರುವಾರ ಬೆಳಗಿನ ಹಾಲು ಮುಗಿದ ಕೂಡಲೇ ಹೊರಟೆವು. ಅಧ್ಯಕ್ಷರು ಅಧಿಕಾರದ ಮೇಲೆ, ನಾನು ಹೊಣೆಯ ಮೇಲೆ, ಶಿವರತ್ನಮ್ಮನವರು ಸಾಕ್ಷಿಯಾಗಿ. ಲ್ಯಾಪ್‌ಟಾಪನ್ನು ಅವರೇ ಸೀರೆಯ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ಆಟೋ ಕುಲುಕಿದಾಗಲೆಲ್ಲ "ಮೆಲ್ಲುಕ್ಕೆ ಓಡ್ಸಪ್ಪ, ಮತ್ತೆ ನೊರೆ ಏಳ್ತದೆ," ಎಂದರು.

ಯಳಂದೂರಿನಲ್ಲಿ ನಮ್ಮ ಸಂಘವನ್ನು ನೋಡಿಕೊಳ್ಳುವ ಮೇಲ್ವಿಚಾರಕಿ ಯಶೋದ ಮೇಡಂ ಅವರನ್ನು ಕಂಡೆವು. ಅವರು ನಮ್ಮ ಮಾತನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ರಿಜಿಸ್ಟರಲ್ಲಿ ಎಷ್ಟು ಬರೆದಿದ್ದೀರಿ?"

"ಇನ್ನೂರೈವತ್ತಾರು, ಮೇಡಂ."

"ಹಾಗಾದ್ರೆ ನಾನು ತಪಾಸಣೆಗೆ ಬಂದಾಗ ಇನ್ನೂರೈವತ್ತಾರು ತೋರಿಸಿ."

"ಅದರಲ್ಲಿ ಅಷ್ಟು ತೋರಿಸುವುದೇ ಇಲ್ಲ, ಮೇಡಂ. ಸಾವಿರಕ್ಕೂ ಸಾವಿರದ ಇಪ್ಪತ್ತನಾಲ್ಕಕ್ಕೂ..."

"ಡಬ್ಬ ಇಟ್ಟಿದ್ದೀರಾ? ಡಬ್ಬದ ಮೇಲೆ ಇದೆಯಲ್ಲ. ಡಬ್ಬ ತೋರಿಸಿ. ಇನ್ನು ಅಳಿಸೋ ವಿಚಾರ. ಮುರಿದ ಕುರ್ಚಿ ವಿಲೇವಾರಿ ಮಾಡೋಕೂ ಸರ್ವಸದಸ್ಯರ ಸಭೆಯ ನಡಾವಳಿ ಬೇಕು. ಒಳಗಿರೋದು ಏನೇ ಆಗ್ಲಿ, ಸಂಘದ ಸ್ವತ್ತು. ನಡಾವಳಿ ಇಲ್ಲದೆ ಒಂದು ಅಕ್ಷರ ಅಳಿಸಿದ್ರೂ ನಾನು ಮೇಲಿನವರಿಗೆ ಬರೀಬೇಕಾಗುತ್ತೆ."

ಹೀಗೆ ಒಂದು ತಾಂತ್ರಿಕ ಪ್ರಶ್ನೆ ಸರ್ವಸದಸ್ಯರ ಸಭೆಯ ಮೂರನೇ ವಿಷಯವಾಯಿತು.

ಕೊಳ್ಳೇಗಾಲದಲ್ಲಿ ಲ್ಯಾಪ್‌ಟಾಪ್ ಕೊಂಡ ಅಂಗಡಿಗೆ ಹೋದೆವು. ಭವ್ಯ ಎಂಬ ಯುವತಿ ಗಲ್ಲಾದ ಹಿಂದೆ ಇದ್ದರು. ಅಧ್ಯಕ್ಷರು ಪೀಠಿಕೆಯಿಲ್ಲದೆ, ಅಂಗಡಿಯಲ್ಲಿ ತೆರೆದಿಟ್ಟಿದ್ದ ಅಷ್ಟೂ ಲ್ಯಾಪ್‌ಟಾಪುಗಳ ಸ್ಯಾಂಪಲ್ ತೆಗೆಯಬೇಕೆಂದರು. ನಾನು ಒಂದೊಂದನ್ನೇ ನೋಡಿ ಬರೆದುಕೊಂಡೆ. ಏಳು ಯಂತ್ರಗಳು, ಏಳರಲ್ಲೂ ಡಬ್ಬದ ಮೇಲಿನದಕ್ಕಿಂತ ಪರದೆಯ ಮೇಲಿನದು ಕಡಿಮೆ.

"ಲಾಟು ಪೂರಾ ನೀರು," ಎಂದರು ಅಧ್ಯಕ್ಷರು.

"ಯಜಮಾನ್ರೆ, ಇಡೀ ಪ್ರಪಂಚದಲ್ಲಿ ಇದು ಇಂಗೇ ಬರೋದು," ಎಂದರು ಭವ್ಯ.

"ಪ್ರಪಂಚಕ್ಕೆಲ್ಲ ನೀರು ಆಕವ್ರೆ ಅಂದಂಗಾಯ್ತು."

ಭವ್ಯ ಅವರನ್ನು ಬಿಟ್ಟು ಶಿವರತ್ನಮ್ಮನವರ ಕಡೆ ತಿರುಗಿದರು. "ಅವ್ವಾ, ನಿಮ್ಮ ಕ್ಯಾನ್ ಮೇಲೆ ನಲವತ್ತು ಲೀಟ್ರು ಅಂತಿರ್ತದೆ ಅಲ್ವಾ. ನಲವತ್ತೂ ತುಂಬಿಸ್ತೀರಾ?"

"ತುಂಬುದ್ರೆ ತುಳ್ಕಲ್ವಾ. ಕತ್ತಿನ ಕೆಳ್ಗಂಟ ಮಾತ್ರ ಉಯ್ತೀವಿ."

"ಇದೂ ಅಷ್ಟೇ."

ಶಿವರತ್ನಮ್ಮನವರು "ಉಡ್ಗಿ ಆಲು ಕರ್ದಿರೋಳು ಕನ," ಎಂದು ಅಧ್ಯಕ್ಷರಿಗೆ ತೀರ್ಪು ಹೇಳಿದರು. ಹದಿನೆಂಟು ಜಿ.ಬಿ.ಯ ಪ್ರಕರಣ ಅಲ್ಲಿಗೆ ಮುಗಿಯಿತು. ನನ್ನ ಸಾವಿರದ ಇಪ್ಪತ್ತನಾಲ್ಕರ ವಿವರಣೆಯಿಂದ ಆಗದ ಕೆಲಸ ಒಂದು ಕ್ಯಾನಿನಿಂದ ಆದದ್ದನ್ನು ನಾನು ನೀಲಿ ಪುಸ್ತಕದಲ್ಲಿ ಗುರುತಿಸಿಕೊಂಡೆ. ಉಳಿದದ್ದು ದಿನದಿನದ ಸೋರಿಕೆ. ಅದಕ್ಕೆ ಹನೂರಿನ ಮಹದೇವ ಅವರನ್ನು ಕಾಣಬೇಕು, ಅಳಿಸಿ ಹಾಕುವುದರಲ್ಲಿ ಅವರು ನಿಪುಣರು ಎಂದು ಭವ್ಯ ಹೇಳಿದರು. ನಮ್ಮನ್ನು ಅಂಗಡಿಯಿಂದ ಕಳಿಸುವುದರಲ್ಲಿ ಅವರೂ ನಿಪುಣರೇ.

ಹನೂರಿನ ಬಸ್ ನಿಲ್ದಾಣದ ಹಿಂದೆ, ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಅಂಗಡಿ. ಮಹದೇವ ಅವರು ಬೆಟ್ಟದ ಸೋಲಿಗರ ಹಾಡಿಯಾದ ಪೋಡಿನವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮೊದಲು ನನ್ನ ಪೆನ್‌ಡ್ರೈವ್ ತೆಗೆದುಕೊಂಡು ಸಿದ್ಧಪಡಿಸತೊಡಗಿದರು. ಪರದೆಯ ಮೇಲೆ FAT32 ಎಂದು ಮೂಡಿತು. ಅಧ್ಯಕ್ಷರಿಗೆ ಇಂಗ್ಲಿಷಿನಲ್ಲಿ ತಕ್ಷಣ ಗುರುತು ಹತ್ತುವ ಪದ ಅದೊಂದೇ.

"ಫ್ಯಾಟು ಮೂವತ್ತೆರಡು," ಎಂದು ಓದಿದರು.

"ಯಾವೂರ ಎಮ್ಮೆ ಅದು?" ಎಂದರು ಶಿವರತ್ನಮ್ಮನವರು.

ನಾನು ವಿವರಿಸಲು ಹೊರಟೆ. ಬೇಡವೆಂದು ಮಹದೇವ ಅವರು ಕಣ್ಣಿನಲ್ಲೇ ಸೂಚಿಸಿದರು. ಆಮೇಲೆ ಲ್ಯಾಪ್‌ಟಾಪಿನೊಳಗೆ ಹೊಕ್ಕು, ಎರಡು ನಿಮಿಷ ಅಲ್ಲಿ ಇಲ್ಲಿ ನೋಡಿ, ಕುರ್ಚಿಗೆ ಒರಗಿದರು.

"ಯಜಮಾನ್ರೆ, ಲೊಕ್ಕನಳ್ಳಿ ಕಡೆ ಜೋಳದ ಒಲ ಹಾಳಾದ್ರೆ ನಾವು ಮೊದ್ಲು ಎಜ್ಜೆ ನೋಡ್ತೀವಿ. ಆನೆ ಬಂದಿತ್ತಾ, ಅಂದಿ ಬಂದಿತ್ತಾ ಅಂತ. ಇಲ್ಲಿ ಎಜ್ಜೆ ನೋಡುದ್ರೆ ಆನೇನೂ ಇಲ್ಲ, ಅಂದೀನೂ ಇಲ್ಲ."

"ಮತ್ತೆ?"

"ಮನೆ ಹಸೂನೇ ಮೇದದೆ."

ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಒಂದೇ ಹೆಸರಿನ, ಒಂದೇ ಗಾತ್ರದ ಎರಡು ಕಡತಗಳು, ತಲಾ ಐದೂವರೆ ಜಿ.ಬಿ. ಒಂದರ ಮುಂದೆ ಸೋಮವಾರದ ರಾತ್ರಿ, ಇನ್ನೊಂದರ ಮುಂದೆ ಮಂಗಳವಾರದ ರಾತ್ರಿ. ನಾನು ಪೆನ್‌ಡ್ರೈವಿಗೆ ಇಳಿಸಿಕೊಂಡೆನೆಂದು ಭಾವಿಸಿದ್ದು ಎರಡೂ ಸಲ ಲ್ಯಾಪ್‌ಟಾಪಿನೊಳಗೇ ಇಳಿದಿತ್ತು. ಕೆಂಪು ಪುಸ್ತಕವನ್ನೂ ನೀಲಿ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟಿದ್ದರೆ ಬುಧವಾರವೇ ತಿಳಿಯುತ್ತಿತ್ತು. ಜಾಗ ಉಳಿಸುವ ಪ್ರಯತ್ನದಲ್ಲಿ ನಾನು ಹನ್ನೊಂದು ಜಿ.ಬಿ. ಜಾಗವನ್ನು ತುಂಬಿದ್ದೆ. ಉಳಿದ ಐದು ಅಪ್‌ಡೇಟುಗಳದು.

"ಅಂದ್ರೆ ಕಳ್ಳ ನೀನೇ," ಎಂದರು ಅಧ್ಯಕ್ಷರು.

"ತಾಂತ್ರಿಕವಾಗಿ ನೋಡಿದರೆ, ಹೌದು."

"ತಾಂತ್ರಿಕವಾಗಿ ನೋಡ್ದೇ ಇದ್ರೆ?"

"ಆಗಲೂ ನಾನೇ."

ಶಿವರತ್ನಮ್ಮನವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಅವರ ಭುಜಗಳು ಅಲುಗುತ್ತಿದ್ದವು. ಮಹದೇವ ಅವರು ಎರಡನ್ನೂ ಅಳಿಸಲು ಕೈಯಿಟ್ಟಾಗ ಅಧ್ಯಕ್ಷರು ತಡೆದರು.

"ಬುಡು, ಮುಟ್ಬ್ಯಾಡ. ಈಗ ಅಳುಸ್ಬುಟ್ರೆ ಬೋರ್ಡ್ ಮೇಲೆ ನೂರೆಪ್ಪತ್ತಾರು ನೂರೆಂಬತ್ತೇಳಾಯ್ತದೆ. ಇಳುದ್ರೆ ಜನ ನೊರೆ ಅಂತಾರೆ. ಏರುದ್ರೆ ನೀರು ಅಂತಾರೆ."

ಹಿಂದಿರುಗುವ ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲಿ ಕುಳಿತು, ಹಿಂದಿನ ಸೀಟಿನಲ್ಲಿದ್ದ ಶಿವರತ್ನಮ್ಮನವರಿಗೂ ಕೇಳುವಂತೆ ಗುಟ್ಟಾಗಿ ಮಾತಾಡಿದರು. "ಭಾನುವಾರಗಂಟ ಬಾಯ್ ಮುಚ್ಕಂಡಿರು. ಇಂಟರ್‌ನೆಟ್ ಕಿತ್ತಾಕು, ಸೋರೋದು ನಿಂತೋಯ್ತು ಅಂತ ನಾನು ಯೋಳ್ತೀನಿ. ನೊರೆ ಇಳ್ದು ಮುಗೀತು ಅಂತ ಎಲ್ರೂ ತಿಳ್ಕತಾರೆ. ನಿನ್ನ ಕೆಲ್ಸ ಆಯ್ತದೆ, ನನ್ನ ಮಾನ ಉಳೀತದೆ. ಊರ್ಗೆಲ್ಲ ನಿನ್ನ ಒಗಳಿ ಕುಂತಿವ್ನಿ ಕಣ್ಲಾ."

ಅವರ ಮಾತಿನಲ್ಲಿ ಲೋಪವಿರಲಿಲ್ಲ. ಆದರೆ ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಾಗ, ದಿನ, ಹೊತ್ತು, ಜಾಗ ಎಂಬ ಮೂರು ಅಂಕಣ ತುಂಬಿದ್ದವು, ನಾಲ್ಕನೆಯದು ಮೇಲಿನಿಂದ ಕೆಳಗಿನವರೆಗೆ ಖಾಲಿ ಬಿದ್ದಿತ್ತು. ಉತ್ತರ ಗೊತ್ತಿರುವ ಅಂಕಣವನ್ನು ಖಾಲಿ ಬಿಡುವ ಅಭ್ಯಾಸ ನನಗಿಲ್ಲ. ಬರೆದೆ: 'ಕಾರಣ: ಪರೀಕ್ಷಕ ಶಾಂತಮೂರ್ತಿ. ಪ್ರಮಾಣ: ಹನ್ನೊಂದು ಜಿ.ಬಿ. ನೊರೆ ಅಲ್ಲ, ಸೋರಿಕೆಯೂ ಅಲ್ಲ.'

ಆರೂ ಹತ್ತಕ್ಕೆ ಮೊದಲ ಕ್ಯಾನು ಬಂದಿತು. ಏಳು ಗಂಟೆಗೆ ಇಡೀ ಊರಿಗೆ ಗೊತ್ತಾಯಿತು. ಏಳೂ ಇಪ್ಪತ್ತಕ್ಕೆ ಅಧ್ಯಕ್ಷರು ಬಂದು ಹಲಗೆ ಓದಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ಚಿಕ್ಕಸಿದ್ದಯ್ಯನವರು ಬಂದು ತಮ್ಮ ಟವೆಲನ್ನು ಇನ್ನೊಂದು ಮಡಿಕೆ ಮಾಡಿ ಮತ್ತೆ ಕೀಲಿಮಣೆಯ ಮೇಲೆ ಹಾಸಿ, ಮೊದಲಿಗಿಂತ ಗಟ್ಟಿಯಾಗಿ ಒತ್ತಿಟ್ಟರು. ಮುಳ್ಳೂರಿನಿಂದ ತಂದೆಯವರು ಫೋನು ಮಾಡಿ, "ಏನೋ ಕದ್ದಿದ್ದೀಯಂತಲ್ಲ, ಎಷ್ಟು ಲೀಟ್ರು?" ಎಂದು ಕೇಳಿದರು.

ಭಾನುವಾರದ ಸಭೆಗೆ ನೂರ ಮೂವತ್ತೊಂದು ಸದಸ್ಯರು ಬಂದಿದ್ದರು. ಮೊದಲೆರಡು ವಿಷಯಗಳು ಒಂಬತ್ತು ನಿಮಿಷದಲ್ಲಿ ಮುಗಿದವು. ಮೂರನೆಯದನ್ನು ಸದಾಶಿವಪ್ಪನವರು ಓದಿದರು: 'ಹೊಸ ಲ್ಯಾಪ್‌ಟಾಪಿನಲ್ಲಿ ಜಾಗ ಉಳಿಸುವ ಸಲುವಾಗಿ ಅದರ ಆಪರೇಟಿಂಗ್ ಸಿಸ್ಟಮನ್ನು ಅಳಿಸಿ ಮರುಸ್ಥಾಪಿಸುವ ಬಗ್ಗೆ.'

ನನ್ನ ತಪ್ಪು ಬೇರೆ, ಕಂಪನಿಯ ಇಪ್ಪತ್ತೆರಡು ಜಿ.ಬಿ. ಬೇರೆ, ಅದು ಈಗಲೂ ವ್ಯರ್ಥವೇ ಎಂದು ನಾನು ಎದ್ದು ನಿಂತು ಮಂಡಿಸಿದೆ. ಅಧ್ಯಕ್ಷರು ನನ್ನ ಮುಖ ನೋಡದೆಯೇ ಬೆಂಬಲಿಸಿದರು. ಬೆರಕೆ ಮಾಲಿನ ವಿಷಯದಲ್ಲಿ ಅವರು ಸ್ವಂತ ಸಿಟ್ಟನ್ನು ಅಡ್ಡ ತರುವುದಿಲ್ಲ. ಸದಾಶಿವಪ್ಪನವರು ಇಸ್ಪೀಟಿನ ಹೆಸರೆತ್ತದೆ, ಸಿಬ್ಬಂದಿಯ ಮನೋಲ್ಲಾಸವೂ ಸಂಘದ ಉದ್ದೇಶಗಳಲ್ಲಿ ಒಂದೆಂದು ವಿರೋಧಿಸಿದರು. ಹೆಂಗಸರ ಸಾಲಿನಿಂದ, ಮಳೆ ಬರುತ್ತದೋ ಇಲ್ಲವೋ ಎಂದು ಆ ಪೆಟ್ಟಿಗೆ ಹೇಳುವುದನ್ನು ತೆಗೆಯಕೂಡದು, ಮೂರು ದಿನದಿಂದ ಅದನ್ನು ನೋಡಿಯೇ ಹುಲ್ಲು ಕೊಯ್ಯುತ್ತಿದ್ದೇವೆ ಎಂಬ ಆಕ್ಷೇಪ ಬಂದಿತು. ಅಳಿಸಿದ ಮೇಲೆಯೂ ಹಳೆಯ ಟವೆಲ್ ಊರ್ಜಿತವೇ ಎಂದು ಚಿಕ್ಕಸಿದ್ದಯ್ಯನವರು ಕೇಳಿದರು. ಐವತ್ತು ನಿಮಿಷವಾಯಿತು. ಉಪ್ಪಿಟ್ಟು ಆರಿತು. ಕೈಯೆತ್ತಿಸಿ ಎಣಿಸಬೇಕೆಂದು ಅಧ್ಯಕ್ಷರು ಎದ್ದಾಗ ಶಿವರತ್ನಮ್ಮನವರು ಎದ್ದರು.

"ವಸಿ ಇರಪ್ಪ. ಶಾಂತಮೂರ್ತಿ, ಒಂದು ಮಾತು ಕೇಳ್ತೀನಿ. ಏಳು ದಿನದಿಂದ ನೀನು ಪಾತ್ರೆ ಅಳ್ದಿದ್ದೂ ಅಳ್ದಿದ್ದೇ. ಬೆಳಿಗ್ಗೆ ಅಳ್ದೆ, ಸಂಜೆ ಅಳ್ದೆ, ಬೋರ್ಡ್ ಮೇಲೆ ಬರ್ದೆ, ಹನೂರ್ಗಂಟ ತಕಂಡೋಗಿ ಅಳ್ದೆ. ಅದ್ರೊಳಕ್ಕೆ ಉಯ್ಯೋ ಆಲು ಎಷ್ಟು ಅಂತ ಅಳ್ದಿದ್ದೀಯಾ?"

"ಅಂದರೆ ಅವ್ವಾ, ಹಾಲಿನ ದಾಖಲೆಗೆ ಎಷ್ಟು ಜಾಗ ಬೇಕು ಎಂದೇ?"

"ಊಂ."

ಸಭೆ ನನ್ನತ್ತ ನೋಡಿತು. ಶುಕ್ರವಾರದ ನಂತರ ಮೊದಲ ಬಾರಿಗೆ ಅಧ್ಯಕ್ಷರೂ ನೋಡಿದರು.

"ಅಳೆದಿಲ್ಲ," ಎಂದೆ.

ಹಲಗೆಯನ್ನು ಒರೆಸಿ ಅಲ್ಲೇ ಲೆಕ್ಕಕ್ಕೆ ನಿಂತೆ. ಹಾಲು ಹಾಕುವವರು ಇನ್ನೂರ ಹನ್ನೆರಡು. ದಿನಕ್ಕೆ ಎರಡು ಹೊತ್ತು. ವರ್ಷಕ್ಕೆ ಮುನ್ನೂರ ಅರವತ್ತೈದು ದಿನ. ಒಂದು ಸಾಲು ಬರೆಯಲು ಧಾರಾಳವಾಗಿ ನೂರು ಬೈಟ್. ಉತ್ತರ ಬಂದಿತು. ಅದನ್ನು ಒರೆಸಿ ಮೊದಲಿನಿಂದ ಮಾಡಿದೆ. ಅದೇ ಬಂದಿತು.

"ಎಷ್ಟು ದಿನಕ್ಕೆ ಆಯ್ತದೆ?" ಎಂದರು ಅಧ್ಯಕ್ಷರು.

"ದಿನವಲ್ಲ, ವರ್ಷ."

"ಎಷ್ಟು ವರ್ಷ?"

"ಈಗ ಖಾಲಿ ಇರುವ ಜಾಗ ಹನ್ನೆರಡು ಸಾವಿರದ ಇನ್ನೂರ ಹನ್ನೊಂದು ವರ್ಷಕ್ಕೆ ಸಾಲುತ್ತದೆ."

ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದೆ.

"ಅಲ್ಲಿಗಂಟ ನಮ್ಮೆಮ್ಮೆ ಆಲು ಕೊಡ್ತದಾ?" ಎಂದು ಚಿಕ್ಕಸಿದ್ದಯ್ಯನವರು ಕೇಳಿದರು. ಆಮೇಲೆ ಸಭೆಯನ್ನು ಹಿಡಿಯಲು ಯಾರಿಂದಲೂ ಆಗಲಿಲ್ಲ. ನಗು ಹೆಂಗಸರ ಸಾಲಿನಲ್ಲಿ ಹುಟ್ಟಿ, ಗಂಡಸರ ಸಾಲು ದಾಟಿ, ಹೊರಗೆ ಉಪ್ಪಿಟ್ಟಿನ ಪಾತ್ರೆಯ ಬಳಿ ನಿಂತಿದ್ದವರಿಗೂ ತಲುಪಿತು; ಅವರಿಗೆ ವಿಷಯವೇ ಗೊತ್ತಿರಲಿಲ್ಲ.

ಸದಾಶಿವಪ್ಪನವರು ಮಾತ್ರ ನಗಲಿಲ್ಲ. "ಮುಂದಿನ ವಿಷಯ ಇವ್ರನ್ನ ಖಾಯಂ ಮಾಡೋದು," ಎಂದು ಓದಿ, ಕನ್ನಡಕದ ಮೇಲಿಂದ ಸಭೆಯನ್ನು ನೋಡಿದರು. "ಒಂದು ವಾರ ಮೂರು ಊರು ಅಲೆಸಿ, ಸಂಘದ ಜಾಗ ತಾನೇ ತುಂಬ್ಸಿ, ಕೊನೇಗೆ ಹನ್ನೆರಡು ಸಾವಿರ ವರ್ಷ ಅಂತ ಹೇಳೋರನ್ನ ಖಾಯಂ ಮಾಡ್ಬೇಕಾ ಅನ್ನೋದು ಸಭೆಗೆ ಬಿಟ್ಟಿದ್ದು."

ನಾನು ಹಲಗೆಯ ಬಳಿಯೇ ನಿಂತಿದ್ದೆ. ಅಧ್ಯಕ್ಷರು ಎದ್ದು ಏನೋ ಹೇಳಲು ಬಾಯಿ ತೆರೆದು, ಮತ್ತೆ ಕುಳಿತರು. ಅವರು ಊರಿಗೆಲ್ಲ ನನ್ನನ್ನು ಹೊಗಳಿದ್ದರು. ಈಗ ಯಾವುದನ್ನು ಹೊಗಳಬೇಕೆಂದು ಅವರಿಗೇ ತಿಳಿಯದಾಗಿತ್ತು.

"ಯಾಕೆ ಬ್ಯಾಡ?" ಎಂದರು ಶಿವರತ್ನಮ್ಮನವರು, ಕುಳಿತಲ್ಲಿಂದಲೇ. "ಹನೂರಲ್ಲಿ ನಾನೂ ಇದ್ದೆ. ಅಧ್ಯಕ್ಷರು ಬಾಯ್ ಮುಚ್ಕಂಡಿರು ಅಂದ್ರು, ಬಸ್ನಲ್ಲಿ ನಾನೇ ಕೇಳುಸ್ಕಂಡೆ. ಇವ್ನು ಬೆಳಿಗ್ಗೆ ಎದ್ದು ತನ್ನ ತಪ್ಪ ತಾನೇ ಬೋರ್ಡ್ ಮೇಲೆ ಬರ್ದ. ಇಂಥೋನು ನನ್ನ ಆಲಿನ ಫ್ಯಾಟ್ನ ಒಂದು ಪಾಯಿಂಟು ಕಮ್ಮಿ ಬರಿತಾನಾ? ಮುಂಚೆ ಇದ್ದೋರು ಎಷ್ಟು ಬರ್ದ್ರು ಅಂತ ನಾನೇನು ಮರ್ತಿಲ್ಲ. ಖಾಯಂ ಮಾಡ್ರಪ್ಪ. ಆ ಪೆಟ್ಟಿಗೆ ಮಾತ್ರ ಅವನ ಕೈಗೆ ಕೊಡ್ಬ್ಯಾಡಿ."

"ಅನುಮೋದಿಸ್ತೀನಿ," ಎಂದರು ಸದಾಶಿವಪ್ಪನವರು ತಕ್ಷಣವೇ. "ಪೆಟ್ಟಿಗೆ ನಾನು ನೋಡ್ಕತೀನಿ."

ನೂರ ಹದಿನಾಲ್ಕು ಕೈಗಳು ಮೇಲೆದ್ದವು. ನಾನೇ ಎಣಿಸಿದೆ, ಎರಡು ಬಾರಿ. ಅಧ್ಯಕ್ಷರದು ನೂರ ಹದಿನಾಲ್ಕನೆಯ ಕೈ. ಎತ್ತಿದ ಕೈಯನ್ನು ಇಳಿಸದೆಯೇ ಅವರು ನಡಾವಳಿ ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ಮೂರ್ನೇ ವಿಷ್ಯ ಅಂಗೇ ನಿಂತದೆ. ಏನಾಯ್ತು ಅಂತ ನಿನ್ನ ಭಾಷೇಲೇ ಬರಿ, ಮೇಡಮ್ನೋರು ಓದ್ಕಳ್ಲಿ."

ನಾನು ಬರೆದದ್ದು ಇಷ್ಟು:

'ವಿಷಯ ಮೂರು. ಸಂಘದ ಹಾಲಿನ ದಾಖಲೆಗೆ ವರ್ಷವೊಂದಕ್ಕೆ ಬೇಕಾಗುವ ಜಾಗ ಒಂದು ಕೋಟಿ ಐವತ್ತನಾಲ್ಕು ಲಕ್ಷ ಎಪ್ಪತ್ತಾರು ಸಾವಿರ ಬೈಟ್. ಆಪರೇಟಿಂಗ್ ಸಿಸ್ಟಮನ್ನು ಮರುಸ್ಥಾಪಿಸಿ ಇಪ್ಪತ್ತೆರಡು ಜಿ.ಬಿ. ಉಳಿಸಿದಲ್ಲಿ ದಾಖಲೆಯನ್ನು ಇನ್ನೂ ಒಂದು ಸಾವಿರದ ಐನೂರ ಇಪ್ಪತ್ತಾರು ವರ್ಷ ಹೆಚ್ಚಿಗೆ ಇಡಬಹುದು. ಆ ವರ್ಷಗಳ ಅಗತ್ಯವು ಸಂಘಕ್ಕೆ ಸದ್ಯಕ್ಕೆ ಕಂಡುಬಂದಿರುವುದಿಲ್ಲ.'